ಎದೆಯ ಮೇಲೆ ಬೇಡವಾದ ಹೆಸರು

ಜರ್ಸಿಯ ಪೆಟ್ಟಿಗೆ ಬಿಚ್ಚಿದಾಗ ಹುಡುಗಿಯರೆಲ್ಲ ಮುಗಿಬಿದ್ದರು, ನಮ್ಮ ಕಬಡ್ಡಿ ತಂಡದ ರೇಡರ್ ಒಬ್ಬಳನ್ನು ಬಿಟ್ಟು. ಗದ್ದಲ ತಗ್ಗಿದ ಮೇಲೆ ಅವಳು ಒಂದನ್ನು ಎತ್ತಿಕೊಂಡು ಬೆನ್ನಿನ ನಂಬರು ನೋಡಿದಳು, ತಿರುಗಿಸಿ ಎದೆಯ ಮೇಲಿದ್ದ ಹೆಸರು ಓದಿದಳು, ಮಡಿಕೆ ಕೆಡದಂತೆ ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

"ಯಾಕ, ಅಳತಿ ಸಣ್ಣದಾತೇನು?" ಎಂದೆ.

"ಅಳತಿ ಬರೋಬ್ಬರಿ ಐತ್ರಿ ಟೀಚರ್. ಹೆಸರ ಬರೋಬ್ಬರಿ ಇಲ್ಲ."

ಕಾಗವಾಡ ಆಗಿನ್ನೂ ತಾಲ್ಲೂಕಾಗಿರಲಿಲ್ಲ, ನಾವು ಅಥಣಿ ತಾಲ್ಲೂಕಿನ ಲೆಕ್ಕದಲ್ಲೇ ಇದ್ದೆವು. ಐನಾಪುರದ ಸಮೀಪದ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣ ಕಲಿಸುತ್ತಿದ್ದೆ. ಕಾಯಂ ಅಲ್ಲ, ಪ್ರತಿ ಜೂನಿನಲ್ಲಿ ಸಂಸ್ಥೆಯವರು ಹೊಸ ಆದೇಶ ಕೊಟ್ಟರೆ ಮುಂದುವರಿಯುವ ನೌಕರಿ. ಟಿವಿಯಲ್ಲಿ ಕಬಡ್ಡಿ ಲೀಗ್ ಶುರುವಾಗಿ ಊರೂರಿಗೂ ಓಪನ್ ಟೂರ್ನಮೆಂಟ್‌ಗಳ ಹುಚ್ಚು ಹಿಡಿದಿದ್ದ ಕಾಲ. ಹೆಣ್ಣುಮಕ್ಕಳ ಪಂದ್ಯಗಳೂ ಸೇರಿಕೊಳ್ಳತೊಡಗಿದ್ದವು. ನನ್ನ ಕೈಯಲ್ಲಿ ಆಡಿ, ಎಸ್ಸೆಸ್ಸೆಲ್ಸಿ ಮುಗಿಸಿ, ಕಾಲೇಜಿಗೋ ಹೊಲದ ಕೆಲಸಕ್ಕೋ ಹೋಗುತ್ತಿದ್ದ ಹುಡುಗಿಯರನ್ನು ಕೂಡಿಸಿ ಒಂದು ತಂಡ ಕಟ್ಟಿದ್ದೆ. ಸಂಜೆ ಶಾಲೆಯ ಮೈದಾನದಲ್ಲಿ ಅಭ್ಯಾಸ. ಸಂಸ್ಥೆಯ ಅಧ್ಯಕ್ಷರು ದ್ರಾಕ್ಷಿ ತೋಟದ ದೊಡ್ಡ ಸಾಹುಕಾರರು. ಒಂದು ದಿನ ಕಾರು ನಿಲ್ಲಿಸಿ ಆಟ ನೋಡಿದರು. ಮರುವಾರ ಮೊಣಕಾಲು ಪಟ್ಟಿ, ಬೂಟು, ಹದಿನೈದು ದಿನದ ನಂತರ ಈ ಜರ್ಸಿ. ಎದೆಯ ಮೇಲೆ ತೀರಿಕೊಂಡ ತಮ್ಮ ತಂದೆಯ ಪೂರ್ಣ ಹೆಸರು, ಅದರ ಕೆಳಗೆ 'ಸ್ಮಾರಕ ಮಹಿಳಾ ಕಬಡ್ಡಿ ತಂಡ' ಎಂದು ಬರೆಸಿದ್ದರು. ನಮ್ಮನ್ನು ಕೇಳಿರಲಿಲ್ಲ. ಕೇಳಬೇಕು ಅನ್ನುವುದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

ಆ ಸಂಜೆ ರೇಡರ್‌ಳ ಮನೆಗೆ ಹೋದೆ. ಅವರದು ಬೌದ್ಧ ಕುಟುಂಬ, ಊರಾಚೆಯ ಕೇರಿಯಲ್ಲಿ ಮನೆ. ತಾಯಿ ಆಗಷ್ಟೇ ಕೆಲಸದಿಂದ ಬಂದು ಬಚ್ಚಲ ಕಲ್ಲಿನ ಮೇಲೆ ಕೈ ತಿಕ್ಕುತ್ತಿದ್ದಳು. ದ್ರಾಕ್ಷಿಯ ಚಾಟಣಿ ನಡೆದಿತ್ತು. ಗಂಡಸರು ಕಡ್ಡಿ ಕತ್ತರಿಸುತ್ತ ಹೋದಂತೆ ಹೆಂಗಸರು ಹಿಂದಿನಿಂದ ಕಡ್ಡಿಯ ಚಿಗುರುಗಣ್ಣುಗಳಿಗೆ ಔಷಧದ ಪೇಸ್ಟ್ ಹಚ್ಚಬೇಕು. ಅದರ ಕೆಂಪು ಮೊಣಕೈವರೆಗೂ ಹತ್ತಿತ್ತು. ಕೆಲಸ ಮಾಡುತ್ತಿದ್ದುದು ಅಧ್ಯಕ್ಷರ ತೋಟದಲ್ಲೇ.

ಮಗಳು ಹೇಳದ್ದನ್ನು ತಾಯಿ ಹೇಳಿದಳು.

"ನಮ್ಮ ಮಾವಾರು ಧಮ್ಮ ದೀಕ್ಷಾ ತಗೊಂಡ ಮ್ಯಾಲ, ಇನ್ನ ಸತ್ತ ದನಾ ಎಳ್ಯಾಂಗಿಲ್ಲ ಅಂದ್ರಂತ. ಆಗ ಈ ಸಾಹುಕಾರ್ರ ಅಪ್ಪ ಊರಾಗ ಡಂಗರಾ ಹೊಡಿಸಿದ್ನಂತ್ರಿ. ಕೇರಿ ಮಂದಿಗಿ ಕೆಲಸ ಕೊಡಬ್ಯಾಡ್ರಿ, ಅಂಗಡ್ಯಾಗ ಉಪ್ಪ ಕೊಡಬ್ಯಾಡ್ರಿ, ಗಿರಣ್ಯಾಗ ಹಿಟ್ಟ ಬೀಸಬ್ಯಾಡ್ರಿ ಅಂತ. ನಮ್ಮತ್ತಿ ಜ್ವಾಳದ ಚೀಲ ಹೊತ್ತ ಐನಾಪುರಕ್ಕ ನಡಕೊಂಡ ಹೋಗತಿದ್ಳು. ಇಕಿ ಅಪ್ಪ ಆಗ ಹೊಟ್ಟ್ಯಾಗ ಇದ್ದ."

ಕೈ ಒರೆಸಿಕೊಳ್ಳುತ್ತ, "ಆದ್ರ ಅದು ಮುಗದ ಮಾತ ಟೀಚರ್" ಎಂದಳು. "ಈಗಿನವರು ಹಂಗಿಲ್ಲ. ಪಗಾರ ಬರೋಬ್ಬರಿ ಕೊಡ್ತಾರ. ಹಾಕ್ಕೊ ಅಂತ ನೀವ ಹೇಳ್ರಿ ಇಕಿಗಿ. ಅರವಿ ಅಲ್ಲೇನ್ರಿ ಅದು."

"ಅರವಿ ಹಾಕ್ಕೋತೀನಿ ಬೇ" ಎಂದಳು ಮಗಳು. "ಹೆಸರ ತಗದ ಕೊಡ್ಲಿ."

ಮನೆಗೆ ಬಂದು ಯೋಚಿಸಿದೆ. ಹೆಸರಿನ ಮೇಲೆ ಪಟ್ಟಿ ಅಂಟಿಸಬಹುದೇ? ಜರ್ಸಿ ತಿರುವಿ ಹಾಕಿಸಬಹುದೇ? ಪಂದ್ಯದಲ್ಲಿ ಏಳೂ ಜನರದು ಒಂದೇ ಬಗೆಯ ಉಡುಪು ಇರಬೇಕು, ರೆಫರಿ ಒಳಗೇ ಬಿಡುವುದಿಲ್ಲ. ಅವಳೊಬ್ಬಳನ್ನು ಕೈಬಿಟ್ಟರೆ ನಮ್ಮ ದಾಳಿಯೇ ಇಲ್ಲ ಎಂಬುದು ನಿಜ. ಆದರೆ ಬೆಂಚಿನ ಮೇಲೆ ಕೂರುವ ಹುಡುಗಿ ಈ ಮಾತು ಎತ್ತಿದ್ದರೂ ಉತ್ತರ ಬೇರೆ ಆಗುತ್ತಿರಲಿಲ್ಲ. ಯಾವ ಹೆಸರು ಅವಳ ಅಜ್ಜಿಯನ್ನು ತುಂಬಿದ ಬಸುರಿನಲ್ಲಿ ಹಿಟ್ಟಿಗಾಗಿ ಅಲೆಸಿತ್ತೋ ಆ ಹೆಸರನ್ನು ಎದೆಯ ಮೇಲೆ ಹೊತ್ತುಕೊಂಡು ಎದುರಾಳಿಯ ಅಂಗಳಕ್ಕೆ ನುಗ್ಗು ಎಂದು ಹೇಳುವುದಕ್ಕೆ ನನಗೆ ಬಾಯಿಲ್ಲ.

ಕಷ್ಟ ಇನ್ನೊಂದಿತ್ತು. ನಮ್ಮ ಕ್ಯಾಪ್ಟನ್ ಅಧ್ಯಕ್ಷರ ಅಣ್ಣನ ಮಗಳು. ಜರ್ಸಿಯ ಮೇಲಿದ್ದುದು ಅವಳ ಸ್ವಂತ ಅಜ್ಜನ ಹೆಸರು. ಎಡ ಕಾರ್ನರ್‌ನಲ್ಲಿ ಆಡುವ ಗಟ್ಟಿ ಹುಡುಗಿ, ಪಾದ ಹಿಡಿದರೆ ಬಿಡುತ್ತಿರಲಿಲ್ಲ. ಮರುದಿನ ಅವಳೊಬ್ಬಳನ್ನೇ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ.

"ನಮ್ಮ ಮನ್ಯಾಗ ಅಜ್ಜನ ಫೋಟೋಕ್ಕ ದಿನಾ ಹೂವ ಏರಿಸೂದು ನಾನರಿ" ಎಂದಳು. "ಈ ಮಾತ ನನಗ ಯಾರೂ ಹೇಳಿಲ್ಲ."

ಅವಳು ಸಿಟ್ಟಾದಳೋ ನೊಂದಳೋ ನನಗೆ ತಿಳಿಯಲಿಲ್ಲ. ಆ ದಿನ ಅಭ್ಯಾಸಕ್ಕೆ ಬರಲಿಲ್ಲ. ಮರುದಿನ ಬಂದಾಗ ಅವಳ ಕೈಯಲ್ಲಿ ತನ್ನ ಜರ್ಸಿ ಇತ್ತು.

"ಆಯಿನ್ನ ಕೇಳಿದೆ. ಅಕಿ ಅಲ್ಲ ಅನ್ನಲಿಲ್ಲ" ಎಂದಳು, ತನ್ನ ಅಜ್ಜಿಯ ಬಗ್ಗೆ. "ಅಜ್ಜನ ಹೆಸರ ನಮ್ಮ ಮನಿ ಗ್ವಾಡಿ ಮ್ಯಾಲ ಐತಿ. ಅಲ್ಲೇ ಇರ್ಲಿರಿ." ಜರ್ಸಿಯನ್ನು ಪೆಟ್ಟಿಗೆಗೆ ಹಾಕಿ ರೇಡರ್‌ಳ ಪಕ್ಕ ಹೋಗಿ ಬೂಟಿನ ದಾರ ಕಟ್ಟತೊಡಗಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಅಧ್ಯಕ್ಷರ ಕಚೇರಿಗೆ ಹೋದೆ. ಅವರು ಚಹಾ ತರಿಸಿದರು. ನಾನು ವಿಷಯ ಹೇಳಿದೆ. ಅವರು ಧ್ವನಿ ಏರಿಸಲಿಲ್ಲ.

"ಟೀಚರ್, ಈ ಸಾಲಿಗಿ ಜಾಗಾ ಕೊಟ್ಟಾವ ನಮ್ಮಪ್ಪ. ಈ ಹುಡುಗ್ಯಾರು ಕಲ್ತಿದ್ದು ಅದೇ ಜಾಗಾದಾಗ. ನಾ ಏನ್ ಕೇಳೀನಿ? ಬರೇ ಒಂದ ಹೆಸರ."

"ಬರೇ ಹೆಸರಂತ ನಮಗೂ ಅನಸಿದ್ರ ತರತಿದ್ದಿಲ್ರಿ."

"ಆಗಿನ ಕಾಲ ಹಂಗ ಇತ್ತ. ಎಲ್ಲಾ ಊರಾಗೂ ಇತ್ತ."

"ಇತ್ರಿ. ಆದ್ರ ಬ್ಯಾರೆ ಊರಿನ ಗೌಡ್ರ ಹೆಸರ ಯಾರೂ ನಮ್ಮ ಹುಡುಗ್ಯಾರ ಎದಿ ಮ್ಯಾಲ ಬರಿಯಾಕ ಬಂದಿಲ್ರಿ."

ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಹಂಗಾದ್ರ ಸಾಲಿ ಗ್ರೌಂಡೂ ಬ್ಯಾಡ ಅಂದಂಗಾತು."

ಮೈದಾನ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಆ ಕ್ಷಣ ಪೆಟ್ಟಿಗೆಯನ್ನು ವಾಪಸ್ ಎಳೆದುಕೊಂಡು, ಹುಡುಗಿಯರಿಗೆ ತಿಳಿ ಹೇಳುತ್ತೇನೆ ಎಂದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಬಾಗಿಲ ಹೊರಗೆ, ನನ್ನ ಹಿಂದೆಯೇ ಬಂದಿದ್ದ ರೇಡರ್ ಮತ್ತು ಕ್ಯಾಪ್ಟನ್ ಇಬ್ಬರೂ ನಿಂತಿದ್ದು ಕಾಣುತ್ತಿತ್ತು. "ಬ್ಯಾಡ ಅಂದಂಗ ಆತ್ರಿ" ಎಂದು ಎದ್ದೆ. ಬಾಗಿಲಲ್ಲಿದ್ದಾಗ ಹಿಂದಿನಿಂದ, "ಜೂನ್ ಬರೂದು ಐತಿ ಟೀಚರ್" ಎಂದರು.

"ಬರ್ಲಿರಿ" ಎಂದೆ.

ಊರಲ್ಲಿ ಮತ್ತೊಂದು ಬಯಲಿದ್ದುದು ಕೇರಿಯ ಬುದ್ಧ ವಿಹಾರದ ಮುಂದೆ. ಅಲ್ಲಿಯ ಹಿರಿಯರನ್ನು ಕೇಳಿದೆವು. ಆಡಿಕೊಳ್ಳಿ, ಆದರೆ ವಂದನೆಯ ಹೊತ್ತಿಗೆ ಸದ್ದು ಬೇಡ ಎಂದರು. ನೆಲ ಗಟ್ಟಿ, ತುಂಬ ಹರಳು. ಎರಡು ದಿನ ಕುಳಿತು ಹರಳು ಆರಿಸಿದೆವು. ಸನಿಕೆಯಿಂದ ಮೇಲ್ಪದರ ಕೆದರಿ, ಹೊಳೆಯ ಕಡೆಯಿಂದ ಮಸಾರಿ ಮಣ್ಣು ತರಿಸಿ ಹರವಿ, ನೀರು ಹಾಕಿ ನೆನೆಸಿ, ಅರೆ ಒಣಗಿದಾಗ ತುಳಿದು ಸಮ ಮಾಡಿದೆವು. ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದೆ: ನಡುಗೆರೆ, ಬಾಕ್ ಗೆರೆ, ಬೋನಸ್ ಗೆರೆ, ಬದಿಯ ಲಾಬಿ. ಗೆರೆ ಮೂಡಿದ ಮೇಲೆ ಅದು ಯಾವ ಮೈದಾನಕ್ಕೂ ಕಡಿಮೆ ಅನ್ನಿಸಲಿಲ್ಲ.

ಆದರೆ ಇಬ್ಬರು ಹುಡುಗಿಯರು ಬರುವುದು ನಿಲ್ಲಿಸಿದರು. ಇಬ್ಬರೂ ಒಕ್ಕಲು ಮನೆತನದವರು. "ಸಾಲ್ಯಾಗ ಆದ್ರ ಕಳಸ್ತೀವಿ, ಕೇರ್ಯಾಗ ಆಡಾಕ ಕಳಸಾಂಗಿಲ್ಲ" ಎಂದು ಮನೆಯವರು ಹೇಳಿ ಕಳಿಸಿದರು. ಕ್ಯಾಪ್ಟನ್ ಮಾತ್ರ ದಿನಾ ಸೈಕಲ್ ಹತ್ತಿ, ತನ್ನ ಕಾಕಾನ ಮನೆಯ ಮುಂದಿನಿಂದಲೇ ಹಾದು ಬರುತ್ತಿದ್ದಳು. ಸುತ್ತು ದಾರಿ ಇತ್ತು, ಅದನ್ನು ಹಿಡಿಯಲಿಲ್ಲ. ಉಳಿದವರು ಎಂಟು ಜನ. ಯಾರಿಗಾದರೂ ಪಾದ ಉಳುಕಿದರೆ ಬದಲಿಗೆ ಇರುವುದು ಒಬ್ಬಳೇ. ಹಾಗಾಗಿ ರಕ್ಷಣೆಯ ಕ್ರಮವನ್ನೇ ಬದಲಿಸಿದೆ. ಒಬ್ಬೊಬ್ಬರೇ ನುಗ್ಗಿ ಹಿಡಿಯುವುದು ನಿಲ್ಲಿಸಿ, ಕೈ ಕೈ ಹಿಡಿದ ಸರಪಳಿಯಲ್ಲಿ ಎದುರಾಳಿ ರೇಡರ್‌ಳನ್ನು ಮೂಲೆಗೆ ಒತ್ತುವುದನ್ನು ಸಂಜೆ ಸಂಜೆ ಮಾಡಿಸಿದೆ. ಸರಪಳಿಯಲ್ಲಿ ಕ್ಯಾಪ್ಟನ್‌ಳ ಜೋಡಿ ಕೈ ನಮ್ಮ ರೇಡರ್‌ಳದು. ಒಂದು ವಾರದಲ್ಲಿ ಇಬ್ಬರೂ ಜಗಳವಾಡತೊಡಗಿದರು, ನೀ ತಡಾ ಮಾಡಿದಿ, ನೀ ಮೊದಲ ಬಿಟ್ಟಿ ಎಂದು. ಮುಖ ನೋಡದೆ ಇದ್ದುದಕ್ಕಿಂತ ಅದೇ ವಾಸಿ.

ಅದೇ ಹೊತ್ತಿಗೆ ರೇಡರ್‌ಳ ತಾಯಿಗೆ ತೋಟದ ಮೇಲ್ವಿಚಾರಕ, ನಾಳೆಯಿಂದ ಬರಬೇಡ ಎಂದ. ಅವಳು ಬಯಲಿಗೇ ಬಂದಳು. ನನ್ನ ಮುಂದೆ ನಿಂತು, "ಟೀಚರ್, ನಿಮಗ ಈ ಸಾಲಿ ಅಲ್ಲದಿದ್ರ ಇನ್ನೊಂದ ಸಾಲಿ ಐತಿ. ನಮಗ ಊರ ಇದ ಒಂದ" ಎಂದಳು. ಅವಳು ಹೋಗದೆ ವಿಹಾರದ ಕಟ್ಟೆಯ ಮೇಲೆ ಕುಳಿತಳು. ಮಗಳು ಬೋನಸ್ ಗೆರೆ ದಾಟಿ ಕಾಲು ಬೀಸಿ ಒಬ್ಬಳನ್ನು ಮುಟ್ಟಿ ಓಡಿ ಬಂದದ್ದನ್ನು ನೋಡಿದಳು. ಅವಳು ಮಗಳ ಆಟ ನೋಡಿದ್ದು ಅದೇ ಮೊದಲು. ಏಳುವಾಗ, "ಅಥಣಿ ಕಡೆ ತೋಟಕ್ಕ ಟೆಂಪೋ ಹೋಗತೈತಿ. ಅದರಾಗ ಹೋಗ್ತೀನಿ" ಎಂದಷ್ಟೇ ಹೇಳಿದಳು. ಅದು ಸಿಟ್ಟಿನ ಮಾತೂ ಆಗಿರಬಹುದು, ಒಪ್ಪಿಗೆಯೂ ಆಗಿರಬಹುದು. ಮರುದಿನವೂ ಬಂದು ಕುಳಿತಳು.

ನಿಪ್ಪಾಣಿಯ ಆಚೆ, ಕೊಗನೊಳ್ಳಿ ಭಾಗದ ಗಡಿಯ ಊರೊಂದರಲ್ಲಿ ಟೂರ್ನಮೆಂಟ್ ಇತ್ತು. ಫೋನ್ ಮಾಡಿದರೆ ಸಂಘಟಕರು ಕೇಳಿದ ಮೊದಲ ಮಾತು, "ಟೀಮಿನ ಹೆಸರೇನ್ರಿ?" ಇನ್ನೂ ಇಲ್ಲ ಎಂದೆ. ಹೆಸರಿಲ್ಲದೆ ಚೀಟಿ ಎತ್ತಲಾಗುವುದಿಲ್ಲ, ಶನಿವಾರದೊಳಗೆ ಹೇಳಿ ಎಂದರು.

ಅಭ್ಯಾಸ ಮುಗಿದ ಮೇಲೆ ಸುತ್ತ ಕುಳಿತೆವು. ಬೇಡವೆಂದ ಹೆಸರು ಒಂದಾಗಿತ್ತು; ಬೇಕಾದದ್ದು ಯಾವುದು ಎಂಬುದು ಅದಕ್ಕಿಂತ ಕಷ್ಟವಾಯಿತು. ರಾಣಿಯ ಹೆಸರು ಎಂದಳು ಒಬ್ಬಳು. ಹೋದ ಸಲ ನಾವು ನೋಡಲು ಹೋಗಿದ್ದ ಪಂದ್ಯಾವಳಿಯಲ್ಲಿ ಒಬ್ಬಳೇ ರಾಣಿಯ ಹೆಸರಿನ ಮೂರು ತಂಡಗಳಿದ್ದವು. ಮೈಕಿನವ ಅವಕ್ಕೆ ಎ, ಬಿ, ಸಿ ಎಂದು ಹಚ್ಚಿದ್ದ. ದೇವಿಯ ಹೆಸರನ್ನು ಕೇರಿಯ ಹುಡುಗಿಯರು ಒಪ್ಪಲಿಲ್ಲ. ಬುದ್ಧ ವಿಹಾರದ ಹೆಸರಿಟ್ಟರೆ ನಮ್ಮ ಮನೆಯಲ್ಲಿ ನಾಳೆಯೇ ಬಿಡಿಸುತ್ತಾರೆ ಎಂದಳು ಬಲ ಕಾರ್ನರ್ ಹುಡುಗಿ. ಊರಿನ ಹೆಸರು ಗಂಡುಹುಡುಗರ ತಂಡದ್ದು, ಕೊಡುವುದಿಲ್ಲ ಎಂದು ಪಂಚಾಯತಿಯವರು ಮೊದಲೇ ಹೇಳಿದ್ದರು. ಕೃಷ್ಣೆಯ ಹೆಸರನ್ನು ಅಂಕಲಿ ಕಡೆಯ ತಂಡದವರು ಇಟ್ಟುಕೊಂಡಾಗಿತ್ತು. ಹುಲಿ, ಸಿಂಹ, ಬಿರುಗಾಳಿ ಎಲ್ಲ ಬಂದು ಹೋದವು.

ರೇಡರ್ ಆ ದಿನ ತಡವಾಗಿ ಬಂದಿದ್ದಳು. ಕಾಲುಗಳ ತುಂಬ ಗೀರು, ಹಿಮ್ಮಡಿಯ ಹತ್ತಿರ ರಕ್ತ ಹೆಪ್ಪುಗಟ್ಟಿತ್ತು.

"ಏನಾತು ಕಾಲಿಗಿ?" ಕ್ಯಾಪ್ಟನ್ ಕೇಳಿದಳು.

"ಕೂಳಿ ಸವರಾಕ ಹೋಗಿದ್ನೆವಾ. ಚುಚ್ಚತೈತಿ."

ಕಬ್ಬು ಕಡಿದುಕೊಂಡು ಹೋದ ಮೇಲೆ ನೆಲದಲ್ಲಿ ಉಳಿಯುವ ಮೋಟು ಕೂಳಿ. ಅದನ್ನು ನೆಲಮಟ್ಟಕ್ಕೆ ಸವರಿ ನೀರು ಬಿಟ್ಟರೆ ಅದೇ ಬೇರಿನಿಂದ ಎರಡನೆಯ ಬೆಳೆ ಏಳುತ್ತದೆ. ಬಿತ್ತುವ ಖರ್ಚಿಲ್ಲ. ನಮ್ಮ ಕಡೆ ಅರ್ಧ ಕಬ್ಬು ಇದೇ. ಹುಡುಗಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೇರಿಯವರು ಸವರುತ್ತಿದ್ದರು, ಒಕ್ಕಲು ಮನೆತನದವರು ಬೆಳೆಯುತ್ತಿದ್ದರು.

"ಅದ ಇರ್ಲಿ" ಎಂದಳು ಕ್ಯಾಪ್ಟನ್.

"ಯಾವದು?"

"ಕೂಳಿ. ಹೆಸರ."

ಹುಡುಗಿಯರು ನಕ್ಕರು. ಬಲ ಕಾರ್ನರ್ ಹುಡುಗಿ, "ಮೈಕಿನ್ಯಾಗ ಕೂಲಿ ಅಂತಾರ ನೋಡ" ಎಂದಳು. ರೇಡರ್ ಗೀರಿದ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಮಣ್ಣು ಒರೆಸುತ್ತ, "ಅನ್ಲಿ. ನಮ್ಮವ್ವ ಕೂಲಿ ಮಾಡೇ ನನ್ನ ಸಾಕ್ಯಾಳ" ಎಂದಳು. ನಗು ನಿಂತಿತು. ಬೇರೆ ಹೆಸರು ಯಾರೂ ಹೇಳಲಿಲ್ಲ.

ಜರ್ಸಿಗೆ ಚಿಕ್ಕೋಡಿಯ ಒಬ್ಬ ಪ್ರಿಂಟಿಂಗಿನವನ ಹತ್ತಿರ ಹೋದೆ. ಅವನು ಹೆಸರು ಕೇಳಿ ಪೆನ್ನು ಕೆಳಗಿಟ್ಟ. "ಮೇಡಂ, ಇಂಥಾ ಹೆಸರ ಯಾರ ಇಡ್ತಾರ್ರಿ? ಟೈಗರ್ಸ್ ಮಾಡ್ರಿ. ಹುಲಿ ಮಾರಿ ಫ್ರೀ ಹಾಕ್ತೀನಿ."

"ಹುಲಿ ಬ್ಯಾಡ್ರಿ."

"ವಾರಿಯರ್ಸ್? ಕತ್ತಿ ಚಿತ್ರ ಐತಿ."

"ಎರಡ ಅಕ್ಷರ ಅದಾವು. ಅಷ್ಟ ಹಾಕ್ರಿ."

ಹಸಿರು ಬಟ್ಟೆಯ ಮೇಲೆ ಹಳದಿ ಅಕ್ಷರ. ಎರಡೇ ಅಕ್ಷರವಾದ್ದರಿಂದ ಎದೆಯ ತುಂಬ ದೊಡ್ಡದಾಗಿ ಬಂದವು. ಮುಗಿದ ಮೇಲೆ ಅವನೇ ಒಂದನ್ನು ಎತ್ತಿ ಹಿಡಿದು, "ದೂರಿಂದ ಕಾಣ್ತಾವಲ್ರಿ" ಎಂದ.

ಗಡಿಯ ಆ ಊರಿನಲ್ಲಿ ಬೆಳಿಗ್ಗೆಯಿಂದಲೇ ಜನ. ಮೈಕಿನವ ಒಂದು ವಾಕ್ಯ ಮರಾಠಿಯಲ್ಲಿ, ಒಂದು ಕನ್ನಡದಲ್ಲಿ ಹೇಳುತ್ತಿದ್ದ. ನಮ್ಮ ಸರದಿ ಬಂದಾಗ, "ಆತಾ ಕೂಲಿ ಸಂಘ. ಕೂಲಿ ಮಾಡಾವ್ರ ಟೀಮ್ ಬರ್ಲಿ ನೋಡ್ರಿ" ಎಂದ. ಜನ ನಕ್ಕರು. ನಾನು ಮೇಜಿನ ಕಡೆ ಹೊರಟೆ. ಅಷ್ಟರಲ್ಲಿ ಕ್ಯಾಪ್ಟನ್ ಹೋಗಿ ಅವನ ಕೈಯಿಂದ ಮೈಕ್ ಇಸಿದುಕೊಂಡಿದ್ದಳು.

"ದಾದಾ, ಕೂಲಿ ನಾಹೀ, ಕೂಳಿ. ಖೋಡವಾ. ಉಸಾಚಾ ಖೋಡವಾ." ಕಬ್ಬಿನ ಕೂಳಿಗೆ ಅವರು ಹಾಗೆನ್ನುತ್ತಾರೆ. ಆಮೇಲೆ ಕನ್ನಡದಲ್ಲಿ, "ಕೂಲಿ ಮಾಡಾವ್ರೂ ಅದೀವ್ರಿ. ಎರಡೂ ಖರೇನ" ಎಂದಳು.

ಸುತ್ತ ಕುಳಿತವರೆಲ್ಲ ಕಬ್ಬಿನವರು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹಿಂದಿನಿಂದ ಒಬ್ಬ ಮುದುಕ, "ಖೋಡವಾ!" ಎಂದು ಕೂಗಿದ, ನಾಲ್ಕು ಜನ ಚಪ್ಪಾಳೆ ಹೊಡೆದರು. ಮೊದಲ ಎರಡು ಪಂದ್ಯ ಗೆದ್ದೆವು. ಸರಪಳಿ ಎಲ್ಲೂ ಕಡಿಯಲಿಲ್ಲ.

ಸೆಮಿಫೈನಲ್ ಕೊಲ್ಹಾಪುರದ ಕಡೆಯ ತಂಡದ ಮೇಲೆ. ಮ್ಯಾಟ್ ಮೇಲೆ ಆಡಿ ಪಳಗಿದವರು, ಬೆಂಚಿನ ಮೇಲೇ ಐದು ಜನರಿದ್ದರು. ಆಟ ಶುರುವಾಗಿ ಸ್ವಲ್ಪದರಲ್ಲೇ ಅಂಗಳದ ಅಂಚಿಗೆ ಅಧ್ಯಕ್ಷರು ಬಂದು ನಿಂತದ್ದನ್ನು ನೋಡಿದೆ. ಕ್ಯಾಪ್ಟನ್ ಕೂಡ ನೋಡಿದಳು. ಹಿಡಿದಿದ್ದ ಪಾದ ಅವಳ ಕೈಯಿಂದ ಜಾರಿತು. ಎದುರಾಳಿ ನಡುಗೆರೆ ದಾಟುವಾಗ ನಮ್ಮವರು ಮೂವರು ಔಟ್. ಮುಂದಿನ ಎರಡು ರೇಡ್‌ಗಳಲ್ಲಿ ಆಲೌಟ್ ಆದೆವು.

ಆಲೌಟ್ ಆದರೆ ಎದುರಾಳಿಗೆ ಹೆಚ್ಚಿನ ಅಂಕ, ಆದರೆ ಏಳೂ ಜನ ಮತ್ತೆ ಒಳಗೆ ಬರುತ್ತಾರೆ. ಹಾಗೆ ಬರುವಾಗ ರೇಡರ್ ಕ್ಯಾಪ್ಟನ್‌ಳ ಕೈ ಹಿಡಿದು ಹೇಳಿದ್ದು ನನಗೂ ಕೇಳಿಸಿತು: "ನಿಮ್ಮ ಕಾಕಾ ಹೊರಗ ಅದಾರ. ಅವರ ರೇಡರ್ ಒಳಗ ಬರತಾಳ. ಒಳಗ ನೋಡ."

ಆಮೇಲಿನ ಆಟವನ್ನು ಈಗಲೂ ರೇಡ್ ರೇಡಾಗಿ ಹೇಳಬಲ್ಲೆ. ಕ್ಯಾಪ್ಟನ್ ಅವರ ಮುಖ್ಯ ರೇಡರ್‌ಳನ್ನು ಎರಡು ಸಲ ಪಾದದಲ್ಲೇ ಕೆಡವಿದಳು. ನಮ್ಮವಳು ಬೋನಸ್ ತೆಗೆದಳು, ಮುಟ್ಟಿ ಬಂದಳು, ಒಮ್ಮೆ ಮೂವರು ಮೇಲೆ ಬಿದ್ದಾಗ ಅವರನ್ನೂ ಎಳೆದುಕೊಂಡು ನಡುಗೆರೆಗೆ ಬಂದಳು. ಅಂತರ ಕರಗಿತು. ಕೊನೆಯ ರೇಡಿನಲ್ಲಿ ಒಂದು ಅಂಕ ಬೇಕಿತ್ತು. ಅವಳು ಮುಟ್ಟಿದಳು. ತಿರುಗಿ ಹಾರಿದಾಗ ಸೊಂಟಕ್ಕೆ ಕೈ ಬಿತ್ತು. ಚಾಚಿದ ಬೆರಳಿಗೂ ನಡುಗೆರೆಗೂ ನಡುವೆ ಒಂದು ಗೇಣು ಉಳಿಯಿತು.

ಸೋತೆವು. ಯಾರೂ ಅಳಲಿಲ್ಲ. ನೀರು ಕುಡಿಯುತ್ತಿದ್ದಾಗ ಅಧ್ಯಕ್ಷರು ಬಂದರು. ಅಣ್ಣನ ಮಗಳ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ನನಗೆ, "ಚಲೋ ಆಡಿದ್ರು ಟೀಚರ್" ಎಂದರು. "ಬರೂ ವರ್ಷ ಗಾಡಿ ಖರ್ಚ, ಬೂಟ, ಎಲ್ಲಾ ನಂದ. ಗ್ರೌಂಡೂ ತಗೋರಿ. ಹೆಸರ ನಿಮ್ಮದ ಇರ್ಲಿ. ಕೆಳಗ ಸಣ್ಣ ಅಕ್ಷರದಾಗ ಅಪ್ಪಂದ ಒಂದ ಇರ್ಲಿ. ಅಷ್ಟ."

ಅವರು ಇಳಿದು ಬಂದಿದ್ದರು, ಅದು ಅವರಿಗೆ ಸುಲಭವಾಗಿರಲಿಲ್ಲ. ನನಗೆ ನೌಕರಿಯೂ ಉಳಿಯುತ್ತಿತ್ತು. ಆದರೆ ಉತ್ತರ ಕೊಡಬೇಕಾದವಳು ನಾನಾಗಿರಲಿಲ್ಲ. ರೇಡರ್‌ಳ ಕಡೆ ನೋಡಿದೆ. ಅವಳು ಕ್ಯಾಪ್ಟನ್‌ಳ ಕಡೆ ನೋಡಿದಳು. ಕ್ಯಾಪ್ಟನ್ ತಲೆ ಅಲ್ಲಾಡಿಸಿದಳು.

ರೇಡರ್ ಎದ್ದು ನಿಂತಳು. ಗಲ್ಲಕ್ಕೆ ಮಣ್ಣು ಹತ್ತಿತ್ತು. "ಸಣ್ಣ ಅಕ್ಷರಾನೂ ಬ್ಯಾಡ್ರಿ ಸಾಹುಕಾರ್ರ" ಎಂದಳು, ಮೆತ್ತಗೆ. "ನೀವು ನೋಡಾಕ ಬರ್ರಿ. ಮುಂದಿನ ಸಾಲಿನ್ಯಾಗ ಖುರ್ಚಿ ಹಿಡದಿರ್ತೀವಿ."

ಅವರು ಗಾಡಿಯ ಕಡೆ ಹೋದರು.

ಜೂನಿನಲ್ಲಿ ನನಗೆ ಆದೇಶ ಬರಲಿಲ್ಲ. ರಾಯಬಾಗದ ಕಡೆ ಒಂದು ಶಾಲೆಯಲ್ಲಿ ಕೆಲಸ ಹುಡುಕಿಕೊಂಡೆ. ರವಿವಾರ ಬಸ್ಸು ಹಿಡಿದು ವಿಹಾರದ ಬಯಲಿಗೆ ಬರುತ್ತಿದ್ದೆ. ಉಳಿದ ದಿನ ಅಭ್ಯಾಸ ಮಾಡಿಸುವುದು ಕ್ಯಾಪ್ಟನ್‌ಳ ಪಾಲಿಗೆ ಬಂತು. ಬಿಟ್ಟುಹೋಗಿದ್ದ ಇಬ್ಬರಲ್ಲಿ ಒಬ್ಬಳು ಮರಳಿದಳು, ಇನ್ನೊಬ್ಬಳಿಗೆ ಮದುವೆಯಾಗಿತ್ತು. ರೇಡರ್‌ಳ ತಾಯಿ ಅಧ್ಯಕ್ಷರ ತೋಟಕ್ಕೆ ಮತ್ತೆ ಹೋಗಲಿಲ್ಲ. ಕರೆಯಲು ಆಳು ಬಂದಿದ್ದನಂತೆ, ಟೆಂಪೋ ರೂಢಿಯಾಗೇತಿ ಎಂದಳಂತೆ.

ಮರುವರ್ಷ ಅದೇ ಊರಿನ ಟೂರ್ನಮೆಂಟಿಗೆ ಹೋದೆವು. ಅಧ್ಯಕ್ಷರು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು ಎಂದು ಆಮೇಲೆ ಯಾರೋ ಹೇಳಿದರು. ನಾನು ಆ ಕಡೆ ನೋಡಿರಲಿಲ್ಲ. ನಮ್ಮ ರೇಡ್ ನಡೆದಿತ್ತು.